ಒಂದು ಹನಿ ರಕ್ತದ ಲೆಕ್ಕ: ಪ್ರೊ. ನವಕಾಂತ ಭಟ್ ಅವರ ಸಂಶೋಧನೆಯ ದಾರಿ



ವಾರ್ಷಿಕ ವರದಿಯಲ್ಲಿ ಜಮಾ ಖರ್ಚಿನ ಪುಟಗಳ ಜೊತೆಗೆ ಕೂತು ಓದುವಂಥದ್ದೂ ಒಂದಿರಲಿ ಎಂದು ಸಮಿತಿಯವರು ಈ ಸಲ ಆ ಕೆಲಸ ನನಗೆ ಒಪ್ಪಿಸಿದರು. ಹೈಸ್ಕೂಲಿನಲ್ಲಿ ವಿಜ್ಞಾನ, ಗಣಿತ ಹೇಳಿಕೊಟ್ಟು ನಿವೃತ್ತನಾದವನು ನಾನು. ಏನು ಬರೆಯಲಿ ಎಂದು ಯೋಚಿಸುವ ಅಗತ್ಯವೇ ಬೀಳಲಿಲ್ಲ. ಕಳೆದ ವರ್ಷದ ಸಂದರ್ಶನದ ದಿನ ಹೊಳಲ್ಕೆರೆಯ ಒಬ್ಬ ತಂದೆ ಕೇಳಿದ ಪ್ರಶ್ನೆ ಇನ್ನೂ ತಲೆಯಲ್ಲಿತ್ತು.

ಅವರದು ವೆಲ್ಡಿಂಗ್ ಅಂಗಡಿ. ಮಗಳು ಬಿಎಸ್ಸಿ ಕೊನೆಯ ವರ್ಷ. ಅವಳನ್ನು ಹೊರಗೆ ಕೂರಿಸಿ ಒಳಗೆ ಬಂದು ಮೆಲ್ಲಗೆ ಕೇಳಿದರು: "ಮಾಸ್ಟರ್ ಸಾಬ್, ಬಿಎಸ್ಸಿ ಆಯ್ತು, ಇನ್ನು ಎಂಎಸ್ಸಿ ಅಂತಾಳೆ. ಆಮೇಲೆ ರಿಸರ್ಚ್ ಅಂತಾಳೆ. ನರ್ಸಿಂಗೋ ಬಿಎಡ್ಡೋ ಆಗಿದ್ರೆ ಲೆಕ್ಕ ಗೊತ್ತಾಗುತ್ತೆ. ಇದು ಯಾವಾಗ ಮುಗಿಯುತ್ತೆ? ಮುಗಿದ ಮೇಲೆ ಏನು ಮಾಡ್ತಾಳೆ?"

"ಒಳ್ಳೆಯದಾಗುತ್ತೆ ಭಾಯಿ, ಓದಿಸಿ" ಎಂದುಬಿಟ್ಟೆ. ಅದು ಉತ್ತರವಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಾಯಿತು. ಈ ಲೇಖನ ಅವರಿಗೆ ನಾನು ಕೊಡಬೇಕಾಗಿದ್ದ ಉತ್ತರ. ಅದಕ್ಕಾಗಿ ನಮ್ಮ ರಾಜ್ಯದಲ್ಲೇ ಓದಿ, ಬೆಂಗಳೂರಿನಲ್ಲೇ ಕೆಲಸ ಮಾಡುತ್ತಿರುವ ಒಬ್ಬ ವಿಜ್ಞಾನಿಯನ್ನು ಆರಿಸಿಕೊಂಡಿದ್ದೇನೆ. ಅವರು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ನವಕಾಂತ ಭಟ್. ಅವರ ಕೆಲಸ ನಮ್ಮ ಮನೆಮನೆಯ ಕಾಯಿಲೆಗೆ, ಅಂದರೆ ಸಕ್ಕರೆ ಕಾಯಿಲೆಗೆ ಸಂಬಂಧಪಟ್ಟದ್ದು.

ಮೊದಲು ಅವರು ನಡೆದ ದಾರಿಯ ವರ್ಷಗಳನ್ನು ನೋಡಿ. 1989ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಎಲೆಕ್ಟ್ರಾನಿಕ್ಸ್‌ನಲ್ಲಿ ಬಿಇ. 1992ರಲ್ಲಿ ಮುಂಬೈ ಐಐಟಿಯಿಂದ ಎಂಟೆಕ್. 1996ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ. ಆಮೇಲೆ ಮೊಟೊರೊಲಾ ಕಂಪನಿಯ ಸಂಶೋಧನಾಲಯದಲ್ಲಿ ಕೆಲಸ. 1999ರಲ್ಲಿ ಭಾರತಕ್ಕೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಬಿಇ ಮುಗಿಸಿ ಇಲ್ಲಿ ಪ್ರಾಧ್ಯಾಪಕರಾಗುವ ಹೊತ್ತಿಗೆ ಹತ್ತು ವರ್ಷ. ಇನ್ಫೋಸಿಸ್ ಪ್ರಶಸ್ತಿ ಬಂದದ್ದು 2018ರಲ್ಲಿ, ಅಂದರೆ ಬಿಇ ಮುಗಿದ 29 ವರ್ಷಕ್ಕೆ. "ಯಾವಾಗ ಮುಗಿಯುತ್ತೆ" ಎಂಬ ಪ್ರಶ್ನೆಗೆ ಇದಕ್ಕಿಂತ ಪ್ರಾಮಾಣಿಕ ಉತ್ತರ ನನಗೆ ತಿಳಿಯದು.

ಇನ್ನೊಂದು ವಿಷಯ ಗಮನಿಸಿ. ಅವರು ಶುರುವಿನಲ್ಲಿ ವೈದ್ಯಕೀಯಕ್ಕೆ ಸಂಬಂಧಪಟ್ಟವರೇ ಅಲ್ಲ. ಅವರ ಪಿಎಚ್‌ಡಿ, ಮೊಟೊರೊಲಾದ ಕೆಲಸ ಎಲ್ಲವೂ ಟ್ರಾನ್ಸಿಸ್ಟರ್‌ನದು. ಮೊಬೈಲು, ಕಂಪ್ಯೂಟರುಗಳ ಒಳಗಿನ ಚಿಪ್ಪಿನಲ್ಲಿರುವ ಪುಟ್ಟ ಸ್ವಿಚ್ಚುಗಳದು. ಬಹಳ ಸಣ್ಣ ವಿದ್ಯುತ್ ಪ್ರವಾಹವನ್ನು ತಪ್ಪಿಲ್ಲದೆ ಅಳೆಯುವುದು ಹೇಗೆ ಎಂಬುದನ್ನು ಅಲ್ಲಿ ಕಲಿತರು. ಆ ವಿದ್ಯೆಯೇ ಮುಂದೆ ರಕ್ತದ ಹನಿಗೆ ಬಂತು. ಚಿಕ್ಕ ವಯಸ್ಸಿನಲ್ಲಿ ಕಲಿತದ್ದು ಯಾವಾಗ ಎಲ್ಲಿ ಉಪಯೋಗಕ್ಕೆ ಬರುತ್ತದೆಂದು ಆಗಲೇ ಹೇಳಲಾಗದು. ಪಿಯುಸಿ ಮಕ್ಕಳಿಗೆ "ಈ ಪಾಠ ಯಾಕೆ ಬೇಕು ಸರ್" ಎಂದು ಕೇಳುವ ಚಾಳಿ ಇದೆ, ಅದಕ್ಕೆ ಹೇಳಿದೆ.

ರಕ್ತಕ್ಕೂ ವಿದ್ಯುತ್ತಿಗೂ ಏನು ಸಂಬಂಧ? ಮನೆಯಲ್ಲಿ ಗ್ಲುಕೋಮೀಟರ್ ಇದ್ದವರು ಆ ಪಟ್ಟಿಯನ್ನು, ನಾವು ಸ್ಟ್ರಿಪ್ ಎನ್ನುತ್ತೇವಲ್ಲ ಅದನ್ನು, ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ತುದಿಯಲ್ಲಿ ಒಂದು ಸಣ್ಣ ಬಾಯಿ ಇರುತ್ತದೆ. ಒಳಗೆ ಲೋಹದ ಅಥವಾ ಇಂಗಾಲದ ಗೆರೆಗಳಿವೆ. ಅವು ವಿದ್ಯುದ್ವಾರಗಳು. ಅವುಗಳ ಮೇಲೆ ಒಂದು ಕಿಣ್ವವನ್ನು ಒಣಗಿಸಿ ಹಚ್ಚಿರುತ್ತಾರೆ. ಕಿಣ್ವವೆಂದರೆ ಜೀವಿಗಳ ದೇಹದಲ್ಲಿ ಒಂದೊಂದು ರಾಸಾಯನಿಕ ಕೆಲಸಕ್ಕೆ ಒಂದೊಂದರಂತೆ ಇರುವ ಆಳು. ಈ ಕಿಣ್ವ ಗ್ಲುಕೋಸನ್ನು ಮಾತ್ರ ಗುರುತಿಸುತ್ತದೆ, ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಗ್ಲುಕೋಸಿನ ಒಂದು ಅಣುವಿನಿಂದ ಎರಡು ಎಲೆಕ್ಟ್ರಾನು ಕಿತ್ತು ಪಕ್ಕದ ರಾಸಾಯನಿಕಕ್ಕೆ ಕೊಡುತ್ತದೆ, ಅದು ವಿದ್ಯುದ್ವಾರಕ್ಕೆ ದಾಟಿಸುತ್ತದೆ. ಎಲೆಕ್ಟ್ರಾನು ಹರಿದರೆ ಅದೇ ಕರೆಂಟು. ಸಕ್ಕರೆ ಹೆಚ್ಚಿದ್ದರೆ ಕರೆಂಟು ಹೆಚ್ಚು, ಕಡಿಮೆ ಇದ್ದರೆ ಕಡಿಮೆ. ಮೀಟರು ಆ ಕರೆಂಟನ್ನು ಅಳೆದು ಅಂಕಿಯಾಗಿ ತೋರಿಸುತ್ತದೆ. ಅಷ್ಟೆ.

ಹೊಳಲ್ಕೆರೆಯ ಆ ತಂದೆಗೆ ಇದು ಬೇಗ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ. ಅವರ ವೆಲ್ಡಿಂಗ್ ಮೆಷಿನ್ನಿನಲ್ಲಿ ನೂರು ಆಂಪಿಯರ್ ಹರಿಯುತ್ತದೆ. ಸ್ಟ್ರಿಪ್ಪಿನಲ್ಲಿ ಹರಿಯುವುದು ಹತ್ತು ಮೈಕ್ರೋ ಆಂಪಿಯರ್ ಎಂದಿಟ್ಟುಕೊಂಡರೆ, ಅದು ಅವರ ಮೆಷಿನ್ನಿನ ಕರೆಂಟಿನಲ್ಲಿ ಒಂದು ಕೋಟಿಯಲ್ಲಿ ಒಂದು ಪಾಲು. ಅದನ್ನೂ ಸರಿಯಾಗಿ ಅಳೆಯಬೇಕು.

ಜೀವದ ಅಣುವನ್ನು ಗುರುತಿಸುವ ಒಂದು ಭಾಗ, ಆ ಗುರುತನ್ನು ವಿದ್ಯುತ್ತಾಗಿಯೋ ಬಣ್ಣವಾಗಿಯೋ ಮಾರ್ಪಡಿಸುವ ಇನ್ನೊಂದು ಭಾಗ, ಎರಡೂ ಸೇರಿದರೆ ಅದಕ್ಕೆ ಬಯೋಸೆನ್ಸರ್, ಜೈವಿಕ ಸಂವೇದಕ ಎನ್ನುತ್ತಾರೆ. ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ 1956ರಲ್ಲಿ ಆಮ್ಲಜನಕ ಅಳೆಯುವ ವಿದ್ಯುದ್ವಾರದ ವಿವರ ಪ್ರಕಟಿಸಿದರು. 1962ರಲ್ಲಿ ಅದಕ್ಕೆ ಗ್ಲುಕೋಸ್ ಕಿಣ್ವ ಜೋಡಿಸುವ ದಾರಿ ತೋರಿಸಿದರು. ಇಂದು ಮೆಡಿಕಲ್ ಶಾಪಿನಲ್ಲಿ ಡಬ್ಬಿಗಟ್ಟಲೆ ಮಾರುವ ಸ್ಟ್ರಿಪ್ಪುಗಳ ಬೇರು ಅಲ್ಲಿದೆ.

ಹಾಗಾದರೆ ಭಟ್ ಅವರು ಹೊಸದಾಗಿ ಮಾಡಿದ್ದೇನು? ಇದನ್ನು ಹೇಳಲು ಮನೆಯ ಒಂದು ಮಾತು ಹೇಳಬೇಕು. ಹೊಸದುರ್ಗದಲ್ಲಿದ್ದ ನನ್ನ ಆಪಾ ಹನ್ನೆರಡು ವರ್ಷ ಸಕ್ಕರೆ ಕಾಯಿಲೆಯವರು. ತಿಂಗಳಿಗೊಮ್ಮೆ ಖಾಲಿ ಹೊಟ್ಟೆಯಲ್ಲಿ ಹೋಗಿ ರಕ್ತ ಕೊಟ್ಟು ಬರುತ್ತಿದ್ದರು. ಪರೀಕ್ಷೆಯ ಹಿಂದಿನ ಎರಡು ದಿನ ಊಟದಲ್ಲಿ ಬಹಳ ಕಟ್ಟುನಿಟ್ಟು, ರಿಪೋರ್ಟು ಚೆನ್ನಾಗಿ ಬರಲಿ ಎಂದು. ಬರುತ್ತಲೂ ಇತ್ತು. ಆ ದಿನ ಸಂಜೆ ಚಹಾಕ್ಕೆ ಎರಡು ಚಮಚ ಸಕ್ಕರೆ. ಕಾಲು ಊದಿಕೊಂಡ ಮೇಲೆ ಮೂತ್ರ ಪರೀಕ್ಷೆ ಮಾಡಿಸಿದಾಗ ಕಿಡ್ನಿ ಆಗಲೇ ಬಹಳ ಕೆಟ್ಟಿತ್ತು. ಯಾರ ತಪ್ಪೂ ಅಲ್ಲ ಎನ್ನಲಾರೆ. ಕೇಳಬೇಕಾಗಿದ್ದವನು, ವಿಜ್ಞಾನದ ಮೇಷ್ಟ್ರು, ನಾನೇ ಕೇಳಿರಲಿಲ್ಲ.

ಆ ತಿಂಗಳ ಪರೀಕ್ಷೆ ತೋರಿಸುವುದು ಆ ಕ್ಷಣದ ಸಕ್ಕರೆ ಮಾತ್ರ. ಹಿಂದಿನ ತಿಂಗಳುಗಳ ಲೆಕ್ಕ ಬೇರೆ ಕಡೆ ಬರೆದಿರುತ್ತದೆ. ರಕ್ತದ ಕೆಂಪು ಕಣಗಳಲ್ಲಿ ಹಿಮೋಗ್ಲೋಬಿನ್ ಇದೆಯಷ್ಟೆ? ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಅದು ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ, ಬೆಲ್ಲದ ಪಾಕ ಬೆರಳಿಗೆ ಅಂಟಿದಂತೆ. ಒಮ್ಮೆ ಗಟ್ಟಿಯಾಗಿ ಅಂಟಿದರೆ ಆ ಕಣ ಸಾಯುವವರೆಗೂ ಬಿಡುವುದಿಲ್ಲ. ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ಹೀಗಾಗಿ ನೂರು ಹಿಮೋಗ್ಲೋಬಿನ್ನಿನಲ್ಲಿ ಎಷ್ಟಕ್ಕೆ ಸಕ್ಕರೆ ಅಂಟಿದೆ ಎಂದು ಎಣಿಸಿದರೆ ಕಳೆದ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. ಎರಡು ದಿನದ ಪಥ್ಯದಿಂದ ಇದನ್ನು ಮರೆಮಾಚಲಾಗದು. ಡಾಕ್ಟರು ಚೀಟಿಯಲ್ಲಿ ಬರೆಯುವ ಎಚ್‌ಬಿಎ1ಸಿ ಎಂದರೆ ಇದೇ. ಶೇ. 5.7ಕ್ಕಿಂತ ಕಡಿಮೆ ಇದ್ದರೆ ಸರಿ, 6.5 ಅಥವಾ ಹೆಚ್ಚಾದರೆ ಸಕ್ಕರೆ ಕಾಯಿಲೆ, ನಡುವೆ ಇದ್ದರೆ ಎಚ್ಚರಿಕೆಯ ಗಂಟೆ.

ಎರಡನೆಯದು ಕಿಡ್ನಿಯ ಪರೀಕ್ಷೆ. ಕಿಡ್ನಿ ಜರಡಿ ಇದ್ದಂತೆ. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನು ಆ ಜರಡಿಯಲ್ಲಿ ಸೋರಬಾರದು. ಸಕ್ಕರೆ ಕಾಯಿಲೆಯಿಂದ ಜರಡಿ ಸವೆಯಲು ಶುರುವಾದಾಗ ಬಹಳ ಸ್ವಲ್ಪ, ನೋವಿಲ್ಲದೆ, ಊತವಿಲ್ಲದೆ, ಮೂತ್ರದಲ್ಲಿ ಸೋರತೊಡಗುತ್ತದೆ. ಆಗಲೇ ಗೊತ್ತಾದರೆ ಔಷಧಿ, ಪಥ್ಯದಿಂದ ತಡೆಯಬಹುದು. ನೀರು ಹೆಚ್ಚು ಕುಡಿದರೆ ಮೂತ್ರ ತೆಳುವಾಗಿ ಲೆಕ್ಕ ತಪ್ಪುತ್ತದೆ. ಆದ್ದರಿಂದ ಅದರ ಜೊತೆ ಕ್ರಿಯಾಟಿನಿನ್ ಎಂಬುದನ್ನೂ ಅಳೆದು ಒಂದಕ್ಕೊಂದು ಹೋಲಿಸುತ್ತಾರೆ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಆಲ್ಬುಮಿನ್ ದಾಟಿದರೆ ಜಾಗ್ರತೆ.

ಈ ಪರೀಕ್ಷೆಗಳಿಗೆ ಸಾಮಾನ್ಯವಾಗಿ ದೊಡ್ಡ ಯಂತ್ರವಿರುವ ಪ್ರಯೋಗಾಲಯ ಬೇಕು. ಹಳ್ಳಿಯಿಂದ ಬಂದವರಿಗೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜು ಬೇರೆ, ರಿಪೋರ್ಟಿಗೆ ಮತ್ತೊಂದು ಸಲ ಹೋಗಬೇಕು. ಭಟ್ ಅವರ ತಂಡ ಹಿಡಿದದ್ದು ಈ ಕಷ್ಟವನ್ನು. ಗ್ಲುಕೋಸಿಗೆ ಇದ್ದಂಥ ಸ್ಟ್ರಿಪ್ಪನ್ನು ಹಿಮೋಗ್ಲೋಬಿನ್, ಎಚ್‌ಬಿಎ1ಸಿ, ಆಲ್ಬುಮಿನ್, ಕ್ರಿಯಾಟಿನಿನ್ ಇವುಗಳಿಗೂ ಮಾಡಿ, ಎಲ್ಲವನ್ನೂ ಅಂಗೈಯಲ್ಲಿ ಹಿಡಿಯುವ ಒಂದೇ ಮೀಟರಿನಲ್ಲಿ ಓದುವಂತೆ ಮಾಡಿದರು. ಹೇಳುವುದು ಸುಲಭ. ಗ್ಲುಕೋಸಿಗೆ ಎಲೆಕ್ಟ್ರಾನು ಕಿತ್ತು ಕೊಡುವ ಕಿಣ್ವ ತಯಾರಿದೆ. ಆಲ್ಬುಮಿನ್ನಿಗೆ ಅಂಥದ್ದಿಲ್ಲ. ಆದ್ದರಿಂದ ಆಯಾ ಅಣುವಿಗೆ ಅಂಟುವ, ಅಂಟಿದಾಗ ಕರೆಂಟಿನಲ್ಲಿ ವ್ಯತ್ಯಾಸ ತೋರಿಸುವ ರಾಸಾಯನಿಕವನ್ನು ಒಂದೊಂದಾಗಿ ಹುಡುಕಬೇಕಾಯಿತು. ಸಂಶೋಧನೆಯ ವರ್ಷಗಳು ಹೋಗುವುದು ಇಲ್ಲೇ. ತಮ್ಮೊಂದಿಗೆ ಈ ಸಂಶೋಧನೆ ಮಾಡಿದ ವಿನಯ್ ಕುಮಾರ್ ಅವರ ಜೊತೆ ಸೇರಿ ಪಾಥ್‌ಶೋಧ್ ಹೆಲ್ತ್‌ಕೇರ್ ಎಂಬ ಕಂಪನಿಯನ್ನೂ ಭಟ್ ಶುರುಮಾಡಿದರು. ಅದು ಭಾರತೀಯ ವಿಜ್ಞಾನ ಸಂಸ್ಥೆಯ ಆಸರೆಯಲ್ಲೇ ಬೆಳೆಯಿತು. ಸಾಧನದ ಹೆಸರು ಅನುಪಾಥ್. ಕೋವಿಡ್ ಕಾಲದಲ್ಲಿ, 2021ರಲ್ಲಿ, ಅದೇ ತಳಹದಿಯ ಮೇಲೆ ಕೋವಿಡ್ ಪ್ರತಿಕಾಯಗಳನ್ನು ಅಳೆಯುವ ಪರೀಕ್ಷೆಯನ್ನೂ ತಂದರು.

ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ರಕ್ತಹೀನತೆ ಇದ್ದವರಲ್ಲಿ ಎಚ್‌ಬಿಎ1ಸಿ ಅಂಕಿ ದಾರಿ ತಪ್ಪಿಸಬಹುದು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ರಕ್ತಹೀನತೆ ಎಷ್ಟೆಂದು ನಿಮಗೇ ಗೊತ್ತು. ಹಿಮೋಗ್ಲೋಬಿನ್ನನ್ನೂ ಜೊತೆಯಲ್ಲೇ ಅಳೆಯುವುದರ ಉಪಯೋಗ ಇಲ್ಲಿದೆ. ಅಂಕಿ ಯಾವ ಯಂತ್ರದಿಂದ ಬಂದರೂ ಅದನ್ನು ಡಾಕ್ಟರಿಗೆ ತೋರಿಸಿಯೇ ಮುಂದಿನ ಮಾತು.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಒಂದು ಸ್ಟ್ರಿಪ್ಪಿನ ಬೆಲೆ ಸ್ವಲ್ಪ ಇಳಿದರೂ ಎಷ್ಟು ಮನೆಗಳಿಗೆ ಆಗುತ್ತದೆಂದು ದಾನಿಗಳೇ ಲೆಕ್ಕ ಹಾಕಬಹುದು.

ಇದಕ್ಕೆ ಅಕ್ಕಪಕ್ಕದ ಇನ್ನೊಂದು ವಿದ್ಯೆ ಇದೆ, ಮೈಕ್ರೋಫ್ಲುಯಿಡಿಕ್ಸ್. ಕೂದಲೆಳೆಯಷ್ಟು ಸಣ್ಣ ಕಾಲುವೆಗಳಲ್ಲಿ ದ್ರವವನ್ನು ಹರಿಸುವ ವಿದ್ಯೆ. 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 89 ವರ್ಷದ ನಂತರ ಕೋಡಿ ಬಿದ್ದಾಗ ನಾವೆಲ್ಲ ಬಸ್ಸು ಕಟ್ಟಿಸಿಕೊಂಡು ನೋಡಲು ಹೋಗಿದ್ದೆವಲ್ಲ? ಅಲ್ಲಿ ನೀರು ಧುಮ್ಮಿಕ್ಕಿ ಸುಳಿ ಸುಳಿಯಾಗಿ ನೊರೆ ಎದ್ದಿತ್ತು. ಅದರಲ್ಲಿ ಒಂದು ಬಿಂದಿಗೆ ಬಣ್ಣ ಸುರಿದರೆ ಕ್ಷಣದಲ್ಲಿ ಬೆರೆತುಹೋಗುತ್ತದೆ. ಕೂದಲಿನಷ್ಟು ಕಾಲುವೆಯಲ್ಲಿ ಹಾಗಿಲ್ಲ. ಅಲ್ಲಿ ಸುಳಿಯೇ ಇಲ್ಲ. ಕೆಂಪು ನೀರು, ನೀಲಿ ನೀರು ಎರಡನ್ನೂ ಒಟ್ಟಿಗೆ ಬಿಟ್ಟರೆ ಸಂತೆಯಿಂದ ಬರುವ ಎರಡು ಸಾಲು ಎತ್ತಿನಗಾಡಿಯಂತೆ ಪಕ್ಕಪಕ್ಕದಲ್ಲೇ ಸಾಗುತ್ತವೆ, ಬೆರೆಯುವುದು ಬಹಳ ನಿಧಾನ. ಪಂಪೂ ಬೇಡ, ಸೀಮೆಎಣ್ಣೆ ಸ್ಟವ್ವಿನ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುವಂತೆ ಕಾಲುವೆಯೇ ದ್ರವವನ್ನು ಎಳೆದುಕೊಳ್ಳುತ್ತದೆ. ಸ್ಟ್ರಿಪ್ಪಿನ ಬಾಯಿಗೆ ಹನಿ ತಾಗಿಸಿದೊಡನೆ ರಕ್ತ ತಾನೇ ಒಳಗೆ ಹೋಗುವುದು ಇದರಿಂದಲೇ. ಹನಿ ಎಷ್ಟು ಬೇಕೆಂದರೆ ಒಂದು ಮೈಕ್ರೋಲೀಟರಿನ ಆಸುಪಾಸು, ಅಂದರೆ ಒಂದು ಮಿಲಿಲೀಟರಿನ ಸಾವಿರದಲ್ಲಿ ಒಂದು ಪಾಲು.

ಈ ವಿದ್ಯೆಯಲ್ಲಿ ನನಗೆ ಬಹಳ ಹಿಡಿಸಿದ ಕೆಲಸ ಬೆಂಗಳೂರಿನ ಅಚಿರಾ ಲ್ಯಾಬ್ಸ್‌ನದು. ಅಮೆರಿಕದ ಎಂಐಟಿಯಲ್ಲಿ ಪಿಎಚ್‌ಡಿ ಮಾಡಿ ಬಂದ ಧನಂಜಯ ದೆಂಡುಕೂರಿ ಮತ್ತು ಅವರ ಜೊತೆಗಾರರು 2011ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಕಾಲುವೆಯನ್ನು ಗಾಜಿನಲ್ಲೋ ಪ್ಲಾಸ್ಟಿಕ್ಕಿನಲ್ಲೋ ಕೊರೆಯುವುದರ ಬದಲು ಕೈಮಗ್ಗದಲ್ಲಿ ನೇಯ್ದರೆ ಹೇಗೆ ಎಂಬುದು ಅವರ ಪ್ರಶ್ನೆ. ನೀರು ಹೀರುವ ರೇಷ್ಮೆ ನೂಲು, ನೀರು ಹತ್ತದಂತೆ ಮಾಡಿದ ರೇಷ್ಮೆ ನೂಲು, ಎರಡನ್ನೂ ತೆಗೆದುಕೊಂಡು ಸೀರೆಯ ಅಂಚಿನ ವಿನ್ಯಾಸಕ್ಕೆ ಬಳಸುವ ಜಕಾರ್ಡ್ ಜೋಡಿಸಿದ ಮಗ್ಗದಲ್ಲಿ ನೇಯ್ದರು. ಹೀರುವ ನೂಲು ಇರುವಲ್ಲಿ ದ್ರವ ಹರಿಯುತ್ತದೆ, ಹೀರದ ನೂಲು ಬದುವಿನಂತೆ ತಡೆಯುತ್ತದೆ. ಪರೀಕ್ಷೆಯ ರಾಸಾಯನಿಕವನ್ನು ಮೊದಲೇ ನೂಲಿಗೆ ಹಚ್ಚಿ ಒಣಗಿಸಿರುತ್ತಾರೆ. ಬಟ್ಟೆ ನೇಯ್ದು ಪಟ್ಟಿ ಪಟ್ಟಿಯಾಗಿ ಕತ್ತರಿಸಿದರೆ ಆಯಿತು. ನೂಲಿಗೆ ಹುರಿ ಎಷ್ಟು ಕೊಡಬೇಕು ಎಂಬುದರ ಮೇಲೆ ದ್ರವದ ವೇಗ ನಿಂತಿದೆಯೆಂದೂ ತೋರಿಸಿದರು. ಆ ಪ್ರಬಂಧದಲ್ಲಿದ್ದುದು ಹೀಗೆ ಮಾಡಬಹುದೆಂಬ ರುಜುವಾತು ಮಾತ್ರ. ಆದರೂ ನಮ್ಮದೇ ಜಿಲ್ಲೆಯ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆಯ ಮಗುವಿಗೆ ಈ ಪ್ರಬಂಧದ ಅರ್ಧ ಭಾಗ ಯಾರೂ ಹೇಳಿಕೊಡದೆ ಅರ್ಥವಾಗುತ್ತದೆ.

ಈಗ ದುಡ್ಡಿನ ವಿಷಯ. ತಂದೆಯಾದವರು ಕೇಳಿದ್ದು ಅದನ್ನೇ, ನಾನು ಸುತ್ತಿ ಬಳಸಿ ಬಂದೆ.

ಪಿಎಚ್‌ಡಿ ಎಂದರೆ ಮನೆಯಿಂದ ಹಣ ಹಾಕಿ ಓದುವುದು ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೂನಿಯರ್ ರಿಸರ್ಚ್ ಫೆಲೋಶಿಪ್ ಸಿಕ್ಕರೆ 2023ರ ಜನವರಿಯಿಂದ ಜಾರಿಯಾದ ದರದಂತೆ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ ಸೀನಿಯರ್ ಫೆಲೋ ಆದರೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ಗೇಟ್ ಪರೀಕ್ಷೆ ಪಾಸಾಗಿ ಎಂಟೆಕ್ ಸೇರಿದರೆ ತಿಂಗಳಿಗೆ 12,400. ಹಾಗೆಂದು ಸುಲಭವೆನ್ನುತ್ತಿಲ್ಲ, ನೆಟ್ ಬರೆಯುವವರಲ್ಲಿ ಫೆಲೋಶಿಪ್ ಗಿಟ್ಟಿಸುವವರು ಸ್ವಲ್ಪ ಜನ. ಪಿಎಚ್‌ಡಿ ಮುಗಿಸಿದವರಿಗೆಲ್ಲ ಕೆಲಸ ಕಾದು ಕೂತಿಲ್ಲ. ಅಲ್ಪಸಂಖ್ಯಾತ ಸಂಶೋಧನಾ ವಿದ್ಯಾರ್ಥಿಗಳಿಗೆ ಇದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ಹೊಸಬರಿಗೆ ಕೊಡುವುದಿಲ್ಲವೆಂದು ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಹೇಳಿತು. ಅದರ ಪೆಟ್ಟು ನಮ್ಮ ಮಕ್ಕಳಿಗೆ ಬಿದ್ದಿದೆ.

ಆದರೆ ದಾರಿಯಲ್ಲಿ ಕತ್ತರಿಸಿಹೋಗುವ ಜಾಗ ಯಾವುದೆಂದು ನೋಡಿ. ಅದು ಪಿಎಚ್‌ಡಿ ಅಲ್ಲ. ಪಿಯುಸಿ ಮುಗಿದು ನೆಟ್ ಬರೆಯುವವರೆಗಿನ ಐದು ವರ್ಷ, ಬಿಎಸ್ಸಿ ಮೂರು, ಎಂಎಸ್ಸಿ ಎರಡು. ಆ ಐದು ವರ್ಷ ಸಂಬಳವಿಲ್ಲ, ಮನೆಯಲ್ಲಿ ತಾಳ್ಮೆಯೂ ಇಲ್ಲ. ಹೆಣ್ಣುಮಗುವಾದರೆ ಮದುವೆಯ ಮಾತು ಬೇರೆ. ಮೆಡಿಕಲ್, ಎಂಜಿನಿಯರಿಂಗ್ ಸೀಟು ಸಿಕ್ಕ ಮಗುವಿಗೆ ದಾನಿಗಳು ಮುಂದೆ ಬಂದು ಕೊಡುತ್ತಾರೆ, ಬ್ಯಾಂಕೂ ಸಾಲ ಕೊಡುತ್ತದೆ. ಎಂಎಸ್ಸಿ ಓದುವ ಮಗುವಿಗೆ ಯಾರೂ ಇಲ್ಲ. ನಮ್ಮ ಟ್ರಸ್ಟಿನ ಪಟ್ಟಿಯನ್ನೇ ತಿರುವಿ ನೋಡಿದೆ, ನಾವೂ ಹಾಗೆಯೇ ಕೊಟ್ಟಿದ್ದೇವೆ. ಸಮಿತಿಯಲ್ಲಿ ನಾನೂ ಒಬ್ಬ, ಆದ್ದರಿಂದ ಇದು ಬೇರೆಯವರ ಮೇಲಿನ ದೂರಲ್ಲ.

ದೂರ ಹೋಗಬೇಕೆಂಬ ಭಯವೂ ಪೂರ್ತಿ ನಿಜವಲ್ಲ. ದಾವಣಗೆರೆ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಚಿತ್ರದುರ್ಗದ ಪಕ್ಕದ ಗುಡ್ಡದರಂಗವ್ವನಹಳ್ಳಿಯಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ, ಸುಮಾರು 1,500 ಎಕರೆ. ದನ ಕುರಿ ಮೇಯುತ್ತಿದ್ದ ಕಾವಲು ಹೋಯಿತೆಂಬ ಸುತ್ತಲಿನ ಹಳ್ಳಿಗಳವರ ಸಂಕಟ ಸುಳ್ಳಲ್ಲ. ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುತ್ತಾರೆ. ನಿವೃತ್ತಿಗೆ ಮೊದಲು ನಾನೂ ಕೆಲವು ದಿನ ಹೋಗಿದ್ದೆ. ಐವತ್ತು ದಾಟಿದ ಮೇಲೆ ಮೊದಲ ಸಲ ಕೆಲವು ಪ್ರಯೋಗಗಳನ್ನು ಪುಸ್ತಕದಲ್ಲಿ ಓದಿ ಹೇಳದೆ ಕೈಯಾರೆ ಮಾಡಿದೆ. ಬೆಂಗಳೂರಿನ ಆವರಣದಲ್ಲಿ, ಭಟ್ ಅವರು ಇರುವ ನ್ಯಾನೋ ವಿಜ್ಞಾನ ಕೇಂದ್ರದ ಪ್ರಯೋಗಾಲಯಗಳನ್ನು ಹೊರಗಿನ ಕಾಲೇಜುಗಳ ಅಧ್ಯಾಪಕರು, ಸಂಶೋಧನಾ ವಿದ್ಯಾರ್ಥಿಗಳೂ ಬಳಸಲು ಕೇಂದ್ರ ಸರ್ಕಾರದ ನೆರವಿನ ಕಾರ್ಯಕ್ರಮವಿದೆ. ನಮ್ಮ ಕಡೆಯ ಕಾಲೇಜುಗಳವರು ಇದನ್ನು ಕೇಳಿ ತಿಳಿದುಕೊಳ್ಳಬೇಕು.

ಸಮಿತಿಯ ಮುಂದೆ ನಾನು ಇಟ್ಟಿರುವ ಕೋರಿಕೆ ಹೀಗಿದೆ: ನಮ್ಮ ವಿದ್ಯಾರ್ಥಿವೇತನಗಳಲ್ಲಿ ಎರಡನ್ನು ಮೂಲವಿಜ್ಞಾನ ಓದುವವರಿಗೆ ಮೀಸಲಿಡಬೇಕು. ಒಂದು ವರ್ಷಕ್ಕೆ ಕೊಟ್ಟು ಕೈಬಿಡದೆ, ಪಾಸಾಗುತ್ತಾ ಹೋದರೆ ಐದು ವರ್ಷವೂ ಕೊಡಬೇಕು. ನೆಟ್, ಗೇಟ್ ಅರ್ಜಿ ಶುಲ್ಕ, ಪರೀಕ್ಷೆಗೆ ಹೋಗಿಬರುವ ಖರ್ಚನ್ನೂ ಸೇರಿಸಬೇಕು. ದಾನಿಗಳಲ್ಲಿ ಯಾರಾದರೂ ಇದಕ್ಕೆಂದೇ ಕೊಡುವುದಾದರೆ ರಸೀದಿಯಲ್ಲಿ ಹಾಗೆಂದು ಬರೆಸಿ. ಅರ್ಜಿ ಹಾಕುವ ಮಕ್ಕಳು ಅಂಕಪಟ್ಟಿಯ ಜೊತೆ ಒಂದು ಹಾಳೆಯಲ್ಲಿ, ಕನ್ನಡದಲ್ಲಿ ಆದರೂ ಸರಿ, ಉರ್ದುವಿನಲ್ಲಿ ಆದರೂ ಸರಿ, ತಾವು ಓದಿದ್ದರಲ್ಲಿ ತಮಗೆ ಅರ್ಥವಾಗದೆ ಉಳಿದಿರುವ ಒಂದು ವಿಷಯವನ್ನು ಬರೆದು ತನ್ನಿ. ಸಂದರ್ಶನದಲ್ಲಿ ನಾನು ಅದನ್ನೇ ಮೊದಲು ಓದುತ್ತೇನೆ.

ಹೊಳಲ್ಕೆರೆಯ ಆ ಹುಡುಗಿ ಜೀವರಸಾಯನಶಾಸ್ತ್ರದ ಎಂಎಸ್ಸಿಗೆ ಅರ್ಜಿ ಹಾಕಿದ್ದಾಳೆ. ಅವಳ ತಂದೆ ಮೊನ್ನೆ ಫೋನ್ ಮಾಡಿ, ಹಾಸ್ಟೆಲ್ ಫೀಸು ಕಟ್ಟಲು ಕೊನೆಯ ದಿನ ಯಾವುದು ಎಂದು ಕೇಳಿದರು. ಸಮಿತಿಯ ಸಭೆ ಅದಕ್ಕೆ ಮೊದಲು ಸೇರಬೇಕಾಗಿದೆ.